ರಿಪೋರ್ಟ್ ನಾರ್ಮಲ್, ನಾನಲ್ಲ

ಸುಸ್ತಿಗೆ ನಮ್ಮ ಕನ್ನಡದಲ್ಲಿ ಎಷ್ಟೊಂದು ಪದಗಳಿವೆ ನೋಡಿ. ದಣಿವು, ಆಯಾಸ, ಬಳಲಿಕೆ, ನಿಶ್ಶಕ್ತಿ. ಹೊಲದಿಂದ ಬಂದವರಿಗೆ ದಣಿವು. ಮದುವೆಮನೆ ಓಡಾಟ ಮುಗಿಸಿದವರಿಗೆ ಆಯಾಸ. ಜ್ವರ ಬಿಟ್ಟ ಮೇಲೆ ನಿಶ್ಶಕ್ತಿ. ಒಂದು ಲೋಟ ಮಜ್ಜಿಗೆ ಕುಡಿದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಇವೆಲ್ಲ ಒಂದಲ್ಲ ಒಂದು ದಿನ ಹೋಗುತ್ತವೆ. ಎಷ್ಟು ಮಲಗಿದರೂ ಹೋಗದೆ, ಎದ್ದು ನಾಲ್ಕು ಕೆಲಸ ಮಾಡಿದರೆ ಎರಡು ದಿನ ಬಿಟ್ಟು ಬಂದು ನೆಲಕ್ಕೆ ಕೆಡವುವ ಒಂದು ಸ್ಥಿತಿ ಇದೆಯಲ್ಲ, ಅದಕ್ಕೆ ನಮ್ಮಲ್ಲಿ ಪದವಿಲ್ಲ. ಇಂಗ್ಲಿಷಿನವರು ಇಟ್ಟ ಹೆಸರು ಕ್ರಾನಿಕ್ ಫಟೀಗ್ ಸಿಂಡ್ರೋಮ್. ಕನ್ನಡಕ್ಕೆ ತಂದರೆ 'ದೀರ್ಘಕಾಲದ ಆಯಾಸ' ಅಂತಾಗುತ್ತೆ. ಕೇಳಿದವರು ತಕ್ಷಣ ಹೇಳೋದು ಒಂದೇ ಮಾತು: "ಅಯ್ಯೋ, ಹಾಗಾದ್ರೆ ನಂಗೂ ಅದೇ ಇರಬೇಕು ಕಣ್ರೀ!"

ಈ ಹೆಸರಿನಿಂದ ಆದ ಅನಾಹುತ ಏನು ಅಂತ ಹೇಳೋಕೇ ಈ ಪತ್ರ ಬರೀತಿದ್ದೀನಿ. ದಿನಕ್ಕೆ ಹತ್ತು ನಿಮಿಷದಂತೆ, ಮಲಗಿಕೊಂಡೇ ಮೊಬೈಲಿನಲ್ಲಿ ಬರೆದು, ಮೂರು ವಾರಕ್ಕೆ ಮುಗಿಸಿದ್ದೇನೆ. ಹಾಗಾಗಿ ನಡುವೆ ಎಲ್ಲಾದರೂ ಎಳೆ ತಪ್ಪಿದ್ದರೆ ಸಹಿಸಿಕೊಳ್ಳಿ.

ನಾನು ತುಮಕೂರಿನವಳು. ಹದಿನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. 2016ರಲ್ಲಿ ಡೆಂಗಿ ಬಂತು. ಪ್ಲೇಟ್‌ಲೆಟ್ ಇಳಿಯಿತು, ಆಸ್ಪತ್ರೆಗೆ ಸೇರಿದೆ, ಆರನೇ ದಿನ ಮನೆಗೆ ಬಂದೆ. ಎಲ್ಲರೂ ಪಪ್ಪಾಯಿ ಎಲೆಯ ರಸ ಕುಡಿಸಿದರು, ಎಳನೀರು ತಂದುಕೊಟ್ಟರು. ಜ್ವರ ಹೋಯಿತು. ನಾನು ಮಾತ್ರ ವಾಪಸ್ ಬರಲಿಲ್ಲ.

ಹೇಗಿರುತ್ತೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಭಾನುವಾರ ತಲೆಗೆ ಸ್ನಾನ ಮಾಡಿ, ಒಂದು ಬಕೆಟ್ ಬಟ್ಟೆ ಮಹಡಿಗೆ ಒಯ್ದು ಒಣಹಾಕಿದೆ ಅಂತಿಟ್ಟುಕೊಳ್ಳಿ. ಭಾನುವಾರ ಏನೂ ಆಗೋದಿಲ್ಲ. ಸೋಮವಾರವೂ ಹೇಗೋ ನಡೆಯುತ್ತೆ. ಮಂಗಳವಾರ ಬೆಳಿಗ್ಗೆ ತಲೆದಿಂಬಿನಿಂದ ತಲೆ ಎತ್ತಲಾಗೋದಿಲ್ಲ. ಗಂಟಲು ನೋವು, ಮೈಯೆಲ್ಲ ಜ್ವರ ಬಂದ ಹಾಗೆ, ಆದರೆ ಥರ್ಮಾಮೀಟರಿನಲ್ಲಿ ಜ್ವರ ಇಲ್ಲ. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತೆ. ಕುಕ್ಕರ್ ಸೀಟಿ ಹೊಡೆದರೆ ತಲೆಯೊಳಗೇ ಹೊಡೆದಂತಾಗುತ್ತೆ. ಎದ್ದು ನಿಂತರೆ ಎದೆ ಡವಡವ. ಒಂದು ದಿನ ಎಂಟನೇ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಂತು ಏಳೆಂಟಲಿ ಎಷ್ಟು ಅಂತ ನೆನಪಿಗೆ ಬರಲಿಲ್ಲ. ಮಕ್ಕಳು ನಕ್ಕರು, ಆಮೇಲೆ ಸುಮ್ಮನಾದರು. ಹಿಂದಿನ ಬೆಂಚಿನ ಹುಡುಗ ಮೆಲ್ಲಗೆ "ಐವತ್ತಾರು, ಮಿಸ್" ಅಂದ.

ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್, ಇಸಿಜಿ, ಎಕೋ ಎಲ್ಲಾ ಆಯಿತು. ಫೈಲು ದಪ್ಪ ಆಯಿತೇ ಹೊರತು ಅದರಲ್ಲಿ ಏನೂ ಸಿಗಲಿಲ್ಲ. "ರಿಪೋರ್ಟ್ ಎಲ್ಲಾ ನಾರ್ಮಲ್ ಇದೆಯಮ್ಮ, ಖುಷಿಪಡಿ" ಅಂದರು ಒಬ್ಬ ಡಾಕ್ಟರು. ಇನ್ನೊಬ್ಬರು ನನ್ನವರ ಕಡೆ ತಿರುಗಿ, "ಮನೆಯಲ್ಲಿ ಏನಾದ್ರೂ ಟೆನ್ಷನ್ನಾ ಸಾರ್?" ಅಂತ ಕೇಳಿದರು. ಮೂರನೆಯವರು ದಿನಾ ವಾಕಿಂಗ್ ಮಾಡಿ, ವಾರವಾರ ಐದೈದು ನಿಮಿಷ ಹೆಚ್ಚಿಸುತ್ತಾ ಹೋಗಿ ಅಂದರು. ಮಾಡಿದೆ. ಆರನೇ ವಾರದ ಹೊತ್ತಿಗೆ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು. ರಜೆಗಳೆಲ್ಲ ಮುಗಿದವು, ಸಂಬಳವಿಲ್ಲದ ರಜೆಯೂ ಮುಗಿಯಿತು. ಆಡಳಿತ ಮಂಡಳಿಯವರು ಮರ್ಯಾದೆಯಿಂದಲೇ ರಾಜೀನಾಮೆ ಕೇಳಿದರು. ಕೊಟ್ಟೆ.

ನೆಂಟರ ಮಾತು ಬೇರೆ. "ನಮಗೇನು ಸುಸ್ತಾಗಲ್ವಾ? ಮನಸ್ಸು ಗಟ್ಟಿ ಮಾಡ್ಕೋಬೇಕು." ನಮ್ಮತ್ತೆ ಮಾತ್ರ ಒಂದು ದಿನವೂ ಹಾಗೆ ಅನ್ನಲಿಲ್ಲ. ದೃಷ್ಟಿ ತೆಗೆದರು, ಸಿದ್ಧಗಂಗೆಗೆ ಹೋಗಿ ಬಂದರು, ಕೊನೆಗೆ ಅಡುಗೆಮನೆಯಲ್ಲಿ ಒಂದು ಎತ್ತರದ ಸ್ಟೂಲು ತಂದಿಟ್ಟು, "ಕೂತ್ಕೊಂಡೇ ಹೆಚ್ಚು ತಾಯಿ, ತರಕಾರಿಗೇನು ಗೊತ್ತಾಗುತ್ತೆ?" ಅಂದರು. ನನಗೆ ಸಿಕ್ಕ ಮೊದಲ ಸರಿಯಾದ ಚಿಕಿತ್ಸೆ ಅದೇ ಅಂತ ಆಮೇಲೆ ಗೊತ್ತಾಯಿತು.

2018ರಲ್ಲಿ ಬೆಂಗಳೂರಿನ ಒಬ್ಬ ಹಿರಿಯ ವೈದ್ಯರು ನಲವತ್ತು ನಿಮಿಷ ಕೂತು ಕೇಳಿಸಿಕೊಂಡರು. ಕೆಲಸ ಮಾಡಿದ ದಿನವಲ್ಲ, ಮಾರನೇ ದಿನ ಏನಾಗುತ್ತೆ ಅಂತ ಕೇಳಿದ ಮೊದಲ ಡಾಕ್ಟರು ಅವರು. "ಇದಕ್ಕೆ ಹೆಸರಿದೆಯಮ್ಮ. ವಾಸಿ ಮಾಡೋ ಔಷಧಿ ಇನ್ನೂ ಇಲ್ಲ. ಆದ್ರೆ ನೀವು ಸುಳ್ಳು ಹೇಳ್ತಿಲ್ಲ" ಅಂದರು. ನನ್ನವರು ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು. ನಾನು ಅಳಲಿಲ್ಲ, ಅಳೋದಕ್ಕೂ ಶಕ್ತಿ ಬೇಕು.

ಹೆಸರು ಸಿಕ್ಕಿದ ಮೇಲೆ ಓದತೊಡಗಿದೆ. ಆಗ ಗೊತ್ತಾಗಿದ್ದು, ನನ್ನಂಥವರ ಚರಿತ್ರೆ ದೊಡ್ಡದೇ ಇದೆ ಅಂತ.

1955ರ ಜುಲೈನಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು, ಒಬ್ಬ ನರ್ಸು ಕಾಯಿಲೆ ಬಿದ್ದರು. ನವೆಂಬರ್ ಹೊತ್ತಿಗೆ 292 ಸಿಬ್ಬಂದಿ ಮಲಗಿದ್ದರು. ಆಸ್ಪತ್ರೆಯನ್ನೇ ಎರಡು ತಿಂಗಳಿಗೂ ಹೆಚ್ಚು ಕಾಲ ಮುಚ್ಚಬೇಕಾಯಿತು. ಅಲ್ಲಿನ ಸೋಂಕು ರೋಗಗಳ ವೈದ್ಯ ಮೆಲ್ವಿನ್ ರಾಮ್ಸೆ ಈ ರೋಗಿಗಳನ್ನು ಕೈಬಿಡದೆ ವರ್ಷಗಟ್ಟಲೆ ಗಮನಿಸಿದರು. ಕಾಯಿಲೆಗೆ ಮಯಾಲ್ಜಿಕ್ ಎನ್ಸೆಫಲೊಮೈಲೈಟಿಸ್, ಅಂದರೆ ಎಂಇ ಅನ್ನುವ ಹೆಸರು ಬಂತು. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅದರ ಮರುವರ್ಷವೇ ಇಬ್ಬರು ಮನೋವೈದ್ಯರು ರಾಯಲ್ ಫ್ರೀಯ ಹಳೆಯ ಕೇಸ್ ಶೀಟುಗಳನ್ನು ಓದಿ, ಇದು ಸಾಮೂಹಿಕ ಹಿಸ್ಟೀರಿಯಾ ಅಂತ ಬರೆದರು. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚು ಅನ್ನೋದು. ರೋಗಿಗಳನ್ನು ಕರೆದು ಪರೀಕ್ಷಿಸಲಿಲ್ಲ. "ಮನೆಯಲ್ಲಿ ಟೆನ್ಷನ್ನಾ ಸಾರ್?" ಅನ್ನುವ ಪ್ರಶ್ನೆಗೆ ಎಷ್ಟು ವಯಸ್ಸಾಗಿದೆ ಅಂತ ಅವತ್ತು ನನಗೆ ತಿಳಿಯಿತು.

ಮುಂದಿನ ಕಥೆ ಅಮೆರಿಕದ್ದು. 1984ರ ಸುಮಾರಿಗೆ ನೆವಾಡಾದ ಲೇಕ್ ಟಾಹೋ ಸರೋವರದ ದಂಡೆಯ ಇನ್‌ಕ್ಲೈನ್ ವಿಲೇಜ್ ಎಂಬ ಊರಿನಲ್ಲಿ ಫ್ಲೂ ಬಂದವರು ಚೇತರಿಸಿಕೊಳ್ಳಲೇ ಇಲ್ಲ. ಅಲ್ಲಿನ ವೈದ್ಯರಾದ ಪಾಲ್ ಚೆನಿ ಮತ್ತು ಡೇನಿಯಲ್ ಪೀಟರ್ಸನ್ ಸರ್ಕಾರದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಗೆ ತಿಳಿಸಿದರು. ತಂಡ ಬಂತು, ನೋಡಿತು, ಹೋಯಿತು. 1988ರಲ್ಲಿ 'ಕ್ರಾನಿಕ್ ಫಟೀಗ್ ಸಿಂಡ್ರೋಮ್' ಅಂತ ಹೆಸರಿಟ್ಟಿತು. ಪತ್ರಿಕೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಯಪ್ಪಿ ಫ್ಲೂ' ಅಂದವು, ಅಂದರೆ ಕೈತುಂಬ ಸಂಬಳದ ಯುವಜನರ ಕಾಯಿಲೆ. ಕ್ಷಯಕ್ಕೆ 'ದೀರ್ಘಕಾಲದ ಕೆಮ್ಮು' ಅಂತ ಹೆಸರಿಟ್ಟಿದ್ದರೆ ಎಷ್ಟು ಜನ ಗಂಭೀರವಾಗಿ ತಗೋತಿದ್ದರು, ಯೋಚಿಸಿ. ಈ ಕಾಯಿಲೆಯ ಸಂಶೋಧನೆಗೆಂದು ಅಮೆರಿಕದ ಸಂಸತ್ತು ಕೊಟ್ಟ ಹಣದಲ್ಲೂ ದೊಡ್ಡ ಪಾಲನ್ನು ಸಿಡಿಸಿ ಬೇರೆ ಕೆಲಸಗಳಿಗೆ ಬಳಸಿತ್ತು ಅಂತ 1999ರ ಸರ್ಕಾರಿ ಲೆಕ್ಕ ತಪಾಸಣೆಯಲ್ಲಿ ಹೊರಬಿತ್ತು. ಅದನ್ನು ಬಯಲಿಗೆಳೆದದ್ದು ಅದೇ ಕಚೇರಿಯ ಒಬ್ಬ ಅಧಿಕಾರಿ.

ಇನ್ನು ನನಗೆ ಹೇಳಿದ ವಾಕಿಂಗ್ ವಿಷಯ. ಆ ಡಾಕ್ಟರು ತಮ್ಮ ಮನಸ್ಸಿಗೆ ತೋಚಿದ್ದನ್ನು ಹೇಳಿದ್ದಲ್ಲ. ಆಗ ಇಂಗ್ಲೆಂಡಿನ ಅಧಿಕೃತ ಮಾರ್ಗಸೂಚಿಯೂ ಹಂತಹಂತವಾಗಿ ವ್ಯಾಯಾಮ ಹೆಚ್ಚಿಸಿ ಅಂತಲೇ ಹೇಳುತ್ತಿತ್ತು. ಅದಕ್ಕೆ ಬಲ ಕೊಟ್ಟದ್ದು ಪೇಸ್ ಎಂಬ ದೊಡ್ಡ ಪ್ರಯೋಗ. 641 ರೋಗಿಗಳು ಭಾಗವಹಿಸಿದ್ದ ಇದರ ಫಲಿತಾಂಶ 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ವ್ಯಾಯಾಮ ಮತ್ತು ಮಾತಿನ ಚಿಕಿತ್ಸೆಯಿಂದ ಗುಣವಾಗುತ್ತೆ ಅನ್ನೋದು ಸಾರಾಂಶ. ಹಾಸಿಗೆ ಹಿಡಿದಿದ್ದ ರೋಗಿಗಳೇ ಆ ಪ್ರಬಂಧವನ್ನು ಸಾಲುಸಾಲಾಗಿ ಓದಿದರು. ಗಣಿತದ ಮೇಷ್ಟ್ರಮ್ಮ ಆಗಿದ್ದ ನನಗೆ ಈ ಭಾಗ ಬಹಳ ಇಷ್ಟ, ಕೇಳಿ.

ದೇಹದ ಕಾರ್ಯಶಕ್ತಿ ಅಳೆಯಲು ಸೊನ್ನೆಯಿಂದ ನೂರರ ತನಕ ಅಂಕ ಕೊಡುವ ಒಂದು ಪ್ರಶ್ನಾವಳಿ ಇದೆ. ಈ ಪ್ರಯೋಗಕ್ಕೆ ಸೇರಬೇಕಾದರೆ ರೋಗಿಯ ಅಂಕ 65 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಕೊನೆಯಲ್ಲಿ 'ಚೇತರಿಸಿಕೊಂಡವರು' ಅನ್ನಲು ಈ ಪ್ರಶ್ನಾವಳಿಯಲ್ಲಿ ಎಷ್ಟು ಬೇಕಿತ್ತು ಗೊತ್ತೆ? 60! ಮೊದಲು 85 ಅಂತ ಇಟ್ಟುಕೊಂಡಿದ್ದನ್ನು ನಡುವೆ ಇಳಿಸಿದ್ದರು. ಅಂದರೆ 65 ಅಂಕದೊಂದಿಗೆ ರೋಗಿಯಾಗಿ ಸೇರಿ, ಇನ್ನೂ ಕೆಟ್ಟು 60ಕ್ಕೆ ಇಳಿದರೂ ಈ ಒಂದು ಅಳತೆಯಲ್ಲಿ ಪಾಸು. ನನ್ನ ಎಂಟನೇ ಕ್ಲಾಸಿನ ಮಕ್ಕಳು ಇಂಥ ಲೆಕ್ಕ ಬರೆದುಕೊಂಡು ಬಂದಿದ್ದರೆ ಕೆಂಪು ಇಂಕಿನಲ್ಲಿ ಸುತ್ತು ಹಾಕುತ್ತಿದ್ದೆ.

ಆಸ್ಟ್ರೇಲಿಯಾದ ಆಲೆಮ್ ಮ್ಯಾಥೀಸ್ ಅನ್ನುವ ರೋಗಿ, ನಮ್ಮಲ್ಲಿ ಆರ್‌ಟಿಐ ಹಾಕುವ ಹಾಗೆ, ಆ ಪ್ರಯೋಗದ ಮೂಲ ಅಂಕಿಅಂಶ ಕೊಡಿ ಅಂತ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ವಿಶ್ವವಿದ್ಯಾಲಯ ಕೊಡಲಿಲ್ಲ. ವಕೀಲರಿಗೆ ಎರಡು ಲಕ್ಷ ಪೌಂಡಿಗೂ ಹೆಚ್ಚು ಸುರಿಯಿತು. 2016ರ ಆಗಸ್ಟಿನಲ್ಲಿ ನ್ಯಾಯಮಂಡಳಿ ರೋಗಿಯ ಪರ ತೀರ್ಪು ಕೊಟ್ಟಿತು. ಮೊದಲಿನ ಅಳತೆಗೋಲಿನಲ್ಲೇ ಲೆಕ್ಕ ಹಾಕಿದಾಗ, ನೂರಕ್ಕೆ 22 ಜನ ಚೇತರಿಸಿಕೊಂಡರು ಅಂದಿದ್ದು ಒಂದಂಕಿಗೆ ಇಳಿಯಿತು. ಬರೀ ವೈದ್ಯರ ಸಾಮಾನ್ಯ ಆರೈಕೆ ಪಡೆದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಈ ಹೋರಾಟದ ನಂತರ ಆಲೆಮ್ ಅವರ ಆರೋಗ್ಯ ಇನ್ನಷ್ಟು ಕುಸಿಯಿತು. ಅದನ್ನು ಓದಿದ ದಿನ ನಾನು ಮೊಬೈಲ್ ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಮಲಗಿದ್ದೆ. ಯಾರೋ ದೂರದೇಶದವರು ತಮ್ಮ ಉಳಿದ ಶಕ್ತಿ ಖರ್ಚು ಮಾಡಿ ತುಮಕೂರಿನ ನನಗೆ ನ್ಯಾಯ ಕೊಡಿಸಿದ್ದರು.

2021ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನೈಸ್ ಸಂಸ್ಥೆ ಹೊಸ ಮಾರ್ಗಸೂಚಿ ತಂದಿತು. ಹೀಗೆ ಹಂತಹಂತವಾಗಿ ಏರಿಸುವ ವ್ಯಾಯಾಮವನ್ನು ಈ ರೋಗಿಗಳಿಗೆ ಚಿಕಿತ್ಸೆಯಾಗಿ ಕೊಡಬಾರದು ಅಂತ ಸ್ಪಷ್ಟವಾಗಿ ಬರೆಯಿತು. ಅಮೆರಿಕದ ಸಿಡಿಸಿ ಆ ಸಲಹೆಯನ್ನು 2017ರಲ್ಲೇ ಕೈಬಿಟ್ಟಿತ್ತು.

ಹಾಗಂತ ವಿಜ್ಞಾನಿಗಳೆಲ್ಲ ಶತ್ರುಗಳು ಅಂದುಕೊಳ್ಳಬೇಡಿ. ನಾರ್ವೆಯ ಫ್ಲೂಗೆ ಮತ್ತು ಮೆಲ್ಲಾ ಎಂಬ ಇಬ್ಬರು ಕ್ಯಾನ್ಸರ್ ತಜ್ಞರಿದ್ದಾರೆ. ಈ ಕಾಯಿಲೆಯೂ ಇದ್ದ ಕ್ಯಾನ್ಸರ್ ರೋಗಿಯೊಬ್ಬರು ಕ್ಯಾನ್ಸರ್ ಚಿಕಿತ್ಸೆಯ ನಂತರ ಚೇತರಿಸಿಕೊಂಡದ್ದನ್ನು ನೋಡಿ, ರಿಟುಕ್ಸಿಮ್ಯಾಬ್ ಎಂಬ ಔಷಧಿ ಪ್ರಯೋಗಿಸಿದರು. 30 ಜನರ ಮೊದಲ ಪ್ರಯೋಗ ಆಸೆ ಹುಟ್ಟಿಸಿತು. 151 ಜನರ ಮೇಲೆ ದೊಡ್ಡದಾಗಿ ಮಾಡಿದಾಗ ಬರೀ ಸಲೈನಿಗೂ ಔಷಧಿಗೂ ವ್ಯತ್ಯಾಸ ಕಾಣಲಿಲ್ಲ. ಅಳತೆಗೋಲು ಬದಲಿಸದೆ, 'ಕೆಲಸ ಮಾಡಲಿಲ್ಲ' ಅಂತ 2019ರಲ್ಲಿ ನೇರವಾಗಿ ಪ್ರಕಟಿಸಿದರು. ನಮಗೆಲ್ಲ ನಿರಾಸೆಯಾಯಿತು, ಆದರೆ ಆ ಇಬ್ಬರ ಮೇಲಿನ ಗೌರವ ಹೆಚ್ಚಾಯಿತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾನ್ ಡೇವಿಸ್ ಹೆಸರಾಂತ ತಳಿವಿಜ್ಞಾನಿ. ಅವರ ಮಗ ವಿಟ್ನಿ ಡೇಫೋ ಫೋಟೋಗ್ರಾಫರ್ ಆಗಿದ್ದವನು, ಈ ಕಾಯಿಲೆಯಿಂದ ಮಾತಾಡಲಾರದ, ಬಾಯಿಂದ ಊಟ ಮಾಡಲಾರದ ಸ್ಥಿತಿಗೆ ಹೋದ. ಇಳಿವಯಸ್ಸಿನ ಅಪ್ಪ ಇದೊಂದೇ ಕಾಯಿಲೆಯ ಸಂಶೋಧನೆಗೆ ನಿಂತಿದ್ದಾರೆ. ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಜೆನಿಫರ್ ಬ್ರೀ ಜ್ವರದ ನಂತರ ಹಾಸಿಗೆ ಹಿಡಿದು, ಹಾಸಿಗೆಯಿಂದಲೇ ಸ್ಕೈಪ್ ಮೂಲಕ ನಿರ್ದೇಶನ ಮಾಡಿ 'ಅನ್‌ರೆಸ್ಟ್' ಎಂಬ ಸಾಕ್ಷ್ಯಚಿತ್ರ ತೆಗೆದರು. 2017ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ಬಹುಮಾನ ಬಂತು. ನಾನು ಅದನ್ನು ಐದು ದಿನ, ಕಂತುಕಂತಾಗಿ ನೋಡಿದೆ. ಮೆರವಣಿಗೆಗೆ ಹೋಗಲಾಗದ ರೋಗಿಗಳು ತಮ್ಮ ಖಾಲಿ ಚಪ್ಪಲಿ, ಬೂಟುಗಳನ್ನು ಕಳಿಸಿ ಸರ್ಕಾರಿ ಕಚೇರಿಗಳ ಮುಂದೆ ಸಾಲಾಗಿ ಇಡಿಸುವ ಪ್ರತಿಭಟನೆಯನ್ನು ಅಲ್ಲಿ ಮಾಡುತ್ತಾರೆ.

ಇತ್ತೀಚಿನ ಸಂತೋಷದ ಸುದ್ದಿ ಎಡಿನ್‌ಬರೋದಿಂದ ಬಂದದ್ದು. ಅಲ್ಲಿನ ವಿಜ್ಞಾನಿ ಕ್ರಿಸ್ ಪಾಂಟಿಂಗ್ ಮತ್ತು ರೋಗಿಗಳು ಸೇರಿ ರೂಪಿಸಿದ 'ಡಿಕೋಡ್ ಎಂಇ' ಅಧ್ಯಯನದಲ್ಲಿ ರೋಗಿಗಳು ಆಸ್ಪತ್ರೆಗೆ ಹೋಗಬೇಕಿರಲಿಲ್ಲ. ಮನೆಗೆ ಬಂದ ಪುಟ್ಟ ಕೊಳವೆಯಲ್ಲಿ ಎಂಜಲು ಹಾಕಿ ಅಂಚೆಗೆ ಕೊಟ್ಟರೆ ಸಾಕು. ಅತ್ತೆಗೆ ಇದನ್ನು ಹೇಳಿದಾಗ, "ಎಂಜಲನ್ನ ಪೋಸ್ಟಲ್ಲಿ ಕಳಿಸ್ತಾರಾ? ಶಿವಶಿವಾ!" ಅಂತ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. 15,579 ರೋಗಿಗಳ ಡಿಎನ್‌ಎಯನ್ನು ಸುಮಾರು ಎರಡು ಲಕ್ಷ ಅರವತ್ತು ಸಾವಿರ ಬೇರೆ ಜನರದ್ದರ ಜೊತೆ ಹೋಲಿಸಿದಾಗ, ಎಂಟು ಜಾಗಗಳಲ್ಲಿ ವ್ಯತ್ಯಾಸ ಕಂಡಿತು. ಅವುಗಳಲ್ಲಿ ಕೆಲವು ರೋಗನಿರೋಧಕ ಶಕ್ತಿಗೆ, ಕೆಲವು ನರಮಂಡಲಕ್ಕೆ ಸಂಬಂಧಿಸಿದವು. 2025ರ ಆಗಸ್ಟಿನಲ್ಲಿ ಹೊರಬಂದ ಈ ಫಲಿತಾಂಶ ಔಷಧಿಯಲ್ಲ, ರೋಗ ಪತ್ತೆಯ ಪರೀಕ್ಷೆಯೂ ಅಲ್ಲ. ಆದರೆ ಎಲ್ಲಿ ಹುಡುಕಬೇಕು ಅನ್ನೋದಕ್ಕೆ ಒಂದು ದಾರಿ. ಕೋವಿಡ್ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಚೇತರಿಸಿಕೊಳ್ಳದ ಅನೇಕರಲ್ಲೂ ಇದೇ ಲಕ್ಷಣಗಳು ಕಂಡದ್ದರಿಂದ ಈ ಹುಡುಕಾಟಕ್ಕೆ ಈಗ ವೇಗ ಬಂದಿದೆ.

ನಮ್ಮ ದೇಶದ ಮಾತಿಗೆ ಬರೋಣ. 2005ರಲ್ಲಿ ಗೋವಾದ ಹೆಂಗಸರ ಬಗ್ಗೆ ಡಾ. ವಿಕ್ರಮ್ ಪಟೇಲ್ ತಂಡದವರ ಅಧ್ಯಯನವೊಂದು ಬಂತು. ಆರು ತಿಂಗಳು ಮೀರಿದ ಸುಸ್ತು ಇದೆ ಅಂದವರು ನೂರಕ್ಕೆ ಸುಮಾರು 12. ಇವರೆಲ್ಲರಿಗೂ ನನ್ನ ಕಾಯಿಲೆ ಇತ್ತು ಅಂತಲ್ಲ. ಬಡತನ, ಮನೆಯೊಳಗಿನ ಹಿಂಸೆ, ಮನಸ್ಸಿನ ನೋವು ಇವೆಲ್ಲವೂ ಅದರಲ್ಲಿದ್ದವು. ಗಮನಿಸಬೇಕಾದ್ದು ಏನೆಂದರೆ, ಆ ಸುಸ್ತಿಗೂ ಹಿಮೋಗ್ಲೋಬಿನ್ ಮಟ್ಟಕ್ಕೂ ಸಂಬಂಧ ಸಿಗಲಿಲ್ಲ. ಸುಸ್ತು ಅಂದ ಹೆಂಗಸಿಗೆ ಕಬ್ಬಿಣದ ಮಾತ್ರೆ ಬರೆದುಕೊಟ್ಟು ಕಳಿಸಿದರೆ ಕೆಲಸ ಮುಗಿಯೋದಿಲ್ಲ ಅಂತಾಯಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳ ಪಟ್ಟಿ ಇದೆ. ಈ ಕಾಯಿಲೆಯ ಹೆಸರು ಅದರಲ್ಲಿಲ್ಲ. ಹಾಗಾಗಿ ಸರ್ಟಿಫಿಕೇಟು ಕೇಳಿಕೊಂಡು ಹೋದರೆ ಎದುರಿಗಿರುವವರು ಮತ್ತೆ ಅದೇ ನಾರ್ಮಲ್ ರಿಪೋರ್ಟ್ ತೋರಿಸುತ್ತಾರೆ.

ಈಗ ಹೇಗಿದ್ದೀನಿ ಅಂತ ಕೇಳುತ್ತೀರಿ. ಎಂಟು ಗಂಟೆ ಓಡಾಡುತ್ತಿದ್ದವಳು ಈಗ ದಿನಕ್ಕೆ ಎರಡು ಗಂಟೆ ಎದ್ದಿರಬಲ್ಲೆ. ನನ್ನ ಶಕ್ತಿಯನ್ನು ತಿಂಗಳ ಕೊನೆಯ ಸಂಬಳದಂತೆ ಎಣಿಸಿ ಖರ್ಚು ಮಾಡುತ್ತೇನೆ. ತಲೆಗೆ ಸ್ನಾನ ಮಾಡಿದ ದಿನ ಬೇರೆ ಕೆಲಸ ಇಲ್ಲ. ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ, ಅಡುಗೆಮನೆಯಲ್ಲಿ ಅತ್ತೆಯ ಸ್ಟೂಲು. ಸುಸ್ತಾಗುವ ಮೊದಲೇ ಮಲಗುತ್ತೇನೆ, ಆದ ಮೇಲಲ್ಲ. ಮದುವೆಗೆ ಕರೆದರೆ ಧಾರೆಗೆ ಮಾತ್ರ ಹೋಗಿ, ಊಟಕ್ಕೆ ಕೂರದೆ ಬರುತ್ತೇನೆ. ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ಇದರಿಂದ ಕಾಯಿಲೆ ಹೋಗಿಲ್ಲ, ಮೊದಲಿನ ಹಾಗೆ ತಿಂಗಳಿಗೆ ಮೂರು ಸಲ ಕೆಡವೋದು ಕಡಿಮೆಯಾಗಿದೆ.

ನಿಮ್ಮಲ್ಲಿ ಯಾರಿಗಾದರೂ ತಿಂಗಳುಗಟ್ಟಲೆ ಸುಸ್ತು ಇದ್ದರೆ ಮೊದಲು ರಕ್ತಹೀನತೆ, ಥೈರಾಯ್ಡ್, ಶುಗರ್, ಕ್ಷಯ, ಖಿನ್ನತೆ ಎಲ್ಲ ಪರೀಕ್ಷೆ ಮಾಡಿಸಿ. ಹೆಚ್ಚಿನ ಸುಸ್ತುಗಳಿಗೆ ಕಾರಣ ಅಲ್ಲೇ ಸಿಗುತ್ತೆ, ಔಷಧಿಯೂ ಇದೆ. ಸಿಗದಿದ್ದರೆ ಒಂದು ನೋಟ್‌ಬುಕ್ ತಗೊಂಡು ಎರಡು ವಾರ ಬರೆದಿಡಿ. ಯಾವ ದಿನ ಏನು ಕೆಲಸ ಮಾಡಿದಿರಿ, ಮಾರನೇ ದಿನ ಮತ್ತು ಅದರ ಮಾರನೇ ದಿನ ಹೇಗಿದ್ದಿರಿ ಅಂತ. ಅದನ್ನು ಡಾಕ್ಟರ ಮುಂದೆ ಇಡಿ. ರಕ್ತಪರೀಕ್ಷೆಯಲ್ಲಿ ಕಾಣದ್ದು ಆ ಪುಟಗಳಲ್ಲಿ ಕಾಣಬಹುದು. ಮನೆಯಲ್ಲಿ ಇಂಥವರು ಇದ್ದರೆ "ಸ್ವಲ್ಪ ಎದ್ದು ಓಡಾಡು, ಸರಿಹೋಗುತ್ತೆ" ಅನ್ನಬೇಡಿ. ಕುಕ್ಕರನ್ನು ಬಾಗಿಲು ಹಾಕಿ ಇಡಿ. ನೋಡಲು ಹೋದರೆ ಹತ್ತು ನಿಮಿಷಕ್ಕೆ ಎದ್ದುಬಿಡಿ, ಹೋಗುವ ಮುಂಚೆ ಒಣಗಿದ ಬಟ್ಟೆ ತಂದು ಮಡಿಸಿಟ್ಟು ಹೋಗಿ.

ವಾರಕ್ಕೆ ಮೂರು ದಿನ ಪಕ್ಕದ ಮನೆಯ ಹುಡುಗಿ ಗಣಿತದ ಪುಸ್ತಕ ಹಿಡಿದು ಬರುತ್ತಾಳೆ. ನಾನು ದಿವಾನದ ಮೇಲೆ ಮಲಗಿರುತ್ತೇನೆ, ಅವಳು ನೆಲದ ಮೇಲೆ ಕೂತು ಲೆಕ್ಕ ಮಾಡುತ್ತಾಳೆ. ಇಪ್ಪತ್ತು ನಿಮಿಷಕ್ಕೆ ಅವಳ ಮೊಬೈಲಿನಲ್ಲಿ ಅಲಾರಂ ಹೊಡೆಯುತ್ತೆ. "ಮಿಸ್, ಟೈಮ್ ಆಯ್ತು, ಮಲಗಿ" ಅಂತ ಹೇಳಿ, ದೀಪ ಆರಿಸಿ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋಗುತ್ತಾಳೆ. ಮೊನ್ನೆಯ ಪರೀಕ್ಷೆಯಲ್ಲಿ ಅವಳಿಗೆ ಎಂಬತ್ತಕ್ಕೆ ಎಪ್ಪತ್ತೊಂದು ಬಂತು.